300 ಪರ್ಕೇಲ್, 400 ಸ್ಯಾಟೀನ್, ‘1000’ದ ಶೀಟ್: ಎರಡು ವರ್ಷ ತೊಳೆದ ಮೇಲೆ

ಮೂರೂ ಡಬಲ್ ಬೆಡ್‌ಶೀಟ್, ಮೂರರ ಲೇಬಲ್ಲಿನಲ್ಲೂ ‘ನೂರಕ್ಕೆ ನೂರು ಹತ್ತಿ’. ಒಂದು 300 ಥ್ರೆಡ್ ಕೌಂಟಿನ, ಸಾದಾ ನೇಯ್ಗೆಯ ಪರ್ಕೇಲ್, ಒಂದು 400ರ, ಹೊಳಪು ನೇಯ್ಗೆಯ ಸ್ಯಾಟೀನ್, ಇನ್ನೊಂದರ ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ 1000. ಸರದಿಯಂತೆ ಹಾಸಿ, 40 ಡಿಗ್ರಿ ನೀರಿನಲ್ಲಿ ಮಷೀನಿಗೆ ಹಾಕಿ, ನೆರಳಿನಲ್ಲಿ ಒಣಗಿಸಿ ಎರಡು ವರ್ಷ ಬಳಸಿದ್ದಾಯಿತು. ಇವತ್ತಿಗೂ ಗಟ್ಟಿಯಾಗಿರುವುದು 300ರದ್ದು. ಮೊದಲು ಹಾಳಾದದ್ದು 1000ದ್ದು.

ಥ್ರೆಡ್ ಕೌಂಟ್ ಎಂದರೆ ಒಂದು ಚದರ ಇಂಚಿನಲ್ಲಿರುವ ಹಾಸು (ಉದ್ದುದ್ದ) ನೂಲು ಮತ್ತು ಹೊಕ್ಕು (ಅಡ್ಡಡ್ಡ) ನೂಲುಗಳ ಮೊತ್ತ. ಹಾಸು 160, ಹೊಕ್ಕು 140 ಇದ್ದರೆ 300. ಎರಡು ಎಳೆ ಸೇರಿಸಿ ಹುರಿ ಮಾಡಿದ ನೂಲನ್ನೂ ಒಂದು ನೂಲೆಂದೇ ಎಣಿಸಬೇಕು. ಎಎಸ್‌ಟಿಎಂ ಡಿ3775 ಎಂಬ ನೂಲೆಣಿಕೆಯ ಮಾನದಂಡ ಹೇಳುವುದೂ ಇದನ್ನೇ. ಪ್ಯಾಕೆಟ್ಟಿನ ಮೇಲಿನ ಲೆಕ್ಕ ಕೆಡುವುದು ಇಲ್ಲಿ. ಎರಡೆಳೆಯ 500 ನೂಲನ್ನು ಎಳೆ ಬಿಡಿಸಿ ಎಣಿಸಿದರೆ 1000 ಆಗುತ್ತದೆ. ಹೀಗೆ ಎಣಿಸಿದರೆ ಗ್ರಾಹಕರ ದಾರಿ ತಪ್ಪಬಹುದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2005ರಲ್ಲೇ ಹೇಳಿತ್ತು.

ಬರೀ ಗಣಿತದಿಂದಲೂ ಇದನ್ನು ಹಿಡಿಯಬಹುದು. 60ನೇ ನಂಬರಿನ (ನಂಬರ್ ಹೆಚ್ಚಿದಷ್ಟೂ ನೂಲು ಸಣ್ಣ) ಹತ್ತಿ ನೂಲಿನ ದಪ್ಪ ಸುಮಾರು 0.12 ಮಿ.ಮೀ. ಒಂದಕ್ಕೊಂದು ತಾಗಿಸಿ ಜೋಡಿಸಿದರೂ ಇಂಚಿಗೆ 215ರ ಆಸುಪಾಸು ಹಿಡಿಯುತ್ತವೆ, ಎರಡೂ ದಿಕ್ಕು ಸೇರಿ 430. ನೂಲು ಮೇಲೆ ಕೆಳಗೆ ಹಾಯಲು ಜಾಗ ಬೇಕಾದ್ದರಿಂದ ನೇಯ್ಗೆಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆಯೇ ಕೂರುತ್ತವೆ. ಇನ್ನೂ ಹೆಚ್ಚು ಬೇಕೆಂದರೆ ನೂಲು ತೀರಾ ಸಣ್ಣದಾಗಬೇಕು, ಇಲ್ಲವೇ ಒಂದೇ ಸಂದಿಯಲ್ಲಿ ಮೂರು ನಾಲ್ಕು ಹೊಕ್ಕು ನೂಲನ್ನು ಒಟ್ಟಿಗೆ ತೂರಿಸಬೇಕು. ಹಾಗೆ ತೂರಿಸಿದ ನೂಲಿಗೆ ಬಿಗಿ ಹಿಡಿತವಿರುವುದಿಲ್ಲ. ಆ ‘1000’ದ ಶೀಟ್ ಭಾರ, ಒಣಗುವುದು ನಿಧಾನ, ಬೆವರು ಆರದು. ಮೊದಲ ಕೆಲವು ಒಗೆತದಲ್ಲಿ ಸಿಲಿಕೋನ್ ಮೆದುಕಾರಿಯ ಜಾರುನುಣುಪು ಹೋಯಿತು. ಆಮೇಲೆ ಭುಜ, ಹಿಮ್ಮಡಿ ಉಜ್ಜುವ ಕಡೆಯೆಲ್ಲ ನಾರು ಉಂಡೆಗಟ್ಟಿತು.

ಉಂಡೆಗಟ್ಟಲು ಕಾರಣ ಗಿಡ್ಡ ನಾರು. ನೂಲಿನಿಂದ ಅದರ ತುದಿ ಹೊರಬಂದು, ಉಜ್ಜಿದಾಗ ಸುತ್ತಿಕೊಂಡು ಗಂಟಾಗುತ್ತದೆ. ಆದ್ದರಿಂದ ಪ್ಯಾಕೆಟ್ಟಿನಲ್ಲಿ ಕೌಂಟಿಗಿಂತ ಮೊದಲು ಹುಡುಕಬೇಕಾದದ್ದು ಮೂರು ಮಾತು: ಉದ್ದ ನಾರಿನ ಹತ್ತಿ, ಕೋಂಬ್ಡ್, ಸಿಂಗಲ್ ಪ್ಲೈ (ಒಂದೇ ಎಳೆಯ ನೂಲು). ಕೋಂಬ್ಡ್ ಎಂದರೆ ಬಾಚಿ ಗಿಡ್ಡ ನಾರು ತೆಗೆದದ್ದು. ‘ಈಜಿಪ್ಷಿಯನ್ ಕಾಟನ್’ ಎಂದು ಬರೆದ ಮಾತ್ರಕ್ಕೆ ಉದ್ದ ನಾರು ಎಂದು ನಂಬಬೇಡಿ. ಅಲ್ಲಿ ಬೆಳೆದದ್ದೆಲ್ಲ ಒಂದೇ ದರ್ಜೆಯದಲ್ಲ. ಪಾಲಿಯೆಸ್ಟರ್ ಬೆರೆತರೆ ಉಂಡೆಯ ಕಾಟ ಇನ್ನೂ ಹೆಚ್ಚು: ಹತ್ತಿಯ ಗಂಟು ಎಂದಾದರೂ ಉದುರುತ್ತದೆ, ಗಟ್ಟಿ ಪಾಲಿಯೆಸ್ಟರ್ ನಾರು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

400ರ ಸ್ಯಾಟೀನ್ ಬಗ್ಗೆ ದೂರಿಗಿಂತ ಮೆಚ್ಚುಗೆಯೇ ಹೆಚ್ಚು. ನೂಲು ನಾಲ್ಕರ ಮೇಲೆ ಹಾಯ್ದು ಒಂದರ ಕೆಳಗೆ ಇಳಿಯುವುದರಿಂದ ಹೊಳಪಿದೆ, ಮೈಗೆ ಮೆತ್ತಗೆ, ಸುಕ್ಕು ಕಡಿಮೆ. ಆದರೆ ಆ ತೇಲುವ ನೂಲೇ ಉಗುರಿಗೆ, ಜಿಪ್ಪಿಗೆ ಸಿಕ್ಕಿ ಎಳೆ ಏಳುತ್ತದೆ. ಒಗೆಯುವಾಗ ಒಳಮೈ ಹೊರಗೆ ಮಾಡಿ ಹಾಕಿದರೆ ಹೊಳಪು ಉಳಿಯುತ್ತದೆ. ಸೆಕೆಯಲ್ಲಿ ಬೆವರುವವರಿಗೆ ಪರ್ಕೇಲೇ ಸರಿ: ಒಂದರ ಮೇಲೆ ಒಂದರ ಕೆಳಗೆ ಸಾದಾ ನೇಯ್ಗೆ, ಗಾಳಿಯಾಡುತ್ತದೆ, ಒಗೆದಷ್ಟೂ ಮೆದುವಾಗುತ್ತದೆ. ಸುಕ್ಕು ಮಾತ್ರ ತಪ್ಪದು. ಪರ್ಕೇಲಿಗೆ 200ರಿಂದ 400, ಸ್ಯಾಟೀನಿಗೆ 300ರಿಂದ 600 ಸಾಕು. ಲಿನನ್ನಿಗೆ, ಮೈಕ್ರೋಫೈಬರಿಗೆ ಈ ಅಳತೆಯೇ ಸಲ್ಲದು. ಲಿನನ್ನಿನ ನೂಲು ದಪ್ಪ, 80ರಿಂದ 140 ಇದ್ದರೂ ಒಳ್ಳೆಯ ಬಟ್ಟೆಯೇ.

ಕೊಳ್ಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆಳಕು ಒಂದೇ ಸಮ ತೂರಿದರೆ ನೇಯ್ಗೆ ಚೆನ್ನಾಗಿದೆ. ಅಲ್ಲಲ್ಲಿ ದಪ್ಪ ಗೆರೆ, ತೆಳು ಪಟ್ಟಿ ಕಂಡರೆ ಬಿಡಿ. ಎರಡು ಪದರ ಸೇರಿಸಿ ಬೆರಳ ನಡುವೆ ಜೋರಾಗಿ ಉಜ್ಜಿ: ಬಿಳಿ ಪುಡಿ ಉದುರಿದರೆ ಅದು ಗಂಜಿ. ಹಿಂಬದಿಯಲ್ಲಿ ಪ್ರಿಂಟ್ ತೀರಾ ಮಸುಕಾಗಿ, ಮೇಲೆ ಮುಟ್ಟಿದರೆ ಬಿರುಸಾಗಿದ್ದರೆ ಅದು ಸಾಮಾನ್ಯವಾಗಿ ಪಿಗ್ಮೆಂಟ್ ಬಣ್ಣ, ಉಜ್ಜಿದ ಕಡೆ ಹೋಗುತ್ತದೆ. ರಿಯಾಕ್ಟಿವ್ ಬಣ್ಣ ನಾರಿನೊಳಗೇ ಕೂರುತ್ತದೆ. ಮನೆಯಲ್ಲಿ ಭೂತಗನ್ನಡಿ ಇದ್ದರೆ ಒಂದು ಸೆಂ.ಮೀ.ನಲ್ಲಿ ಎರಡೂ ದಿಕ್ಕಿನ ನೂಲು ಎಣಿಸಿ, ಕೂಡಿಸಿ, 2.54ರಿಂದ ಗುಣಿಸಿ. ಅಷ್ಟು ವ್ಯವಧಾನವಿಲ್ಲದಿದ್ದರೆ ತೂಗಿ: 2.3 ಮೀ. ಅಗಲ, 2.5 ಮೀ. ಉದ್ದದ ಶೀಟ್ 690 ಗ್ರಾಂ ತೂಗಿದರೆ ಚದರ ಮೀಟರಿಗೆ 120 ಗ್ರಾಂ, ಹಗುರ ಪರ್ಕೇಲಿನ ತೂಕ. ಅದೇ ಅಳತೆಯದು ಒಂದು ಕಿಲೋ ದಾಟಿದರೆ ಅದು ಸಣ್ಣ ನೂಲಿನ ಹಗುರ ಬಟ್ಟೆಯಲ್ಲ, ಬರೆದ ಕೌಂಟ್ ಎಷ್ಟೇ ಇರಲಿ.

ಅಳತೆಯಲ್ಲೂ ಎಚ್ಚರ ಬೇಕು. ಹತ್ತಿ ಶೇ. 3ರಿಂದ 5 ಕುಗ್ಗಬಹುದು, ಅಂದರೆ 2.5 ಮೀಟರಿನಲ್ಲಿ 12.5 ಸೆಂ.ಮೀ.ವರೆಗೂ. ಹಾಸಿಗೆಯ ಎತ್ತರ 20 ಸೆಂ.ಮೀ. ಇದ್ದರೆ ಫಿಟೆಡ್ ಶೀಟಿನ ಆಳ 28–30 ಇರಲಿ, ಎಲಾಸ್ಟಿಕ್ ನಾಲ್ಕು ಮೂಲೆಗೆ ಮಾತ್ರವಲ್ಲ, ಸುತ್ತಲೂ ಇರಲಿ. ಬಿಗಿಯಾದ ಶೀಟ್ ಮೂಲೆಯ ಹೊಲಿಗೆಯಲ್ಲೇ ಮೊದಲು ಹರಿಯುತ್ತದೆ.