ಪ್ರೆಶರ್ ನೋಡಿ ನಡೆಸುವುದಾ, ಗಾಳಿ ಅಳೆದು ನಡೆಸುವುದಾ?

ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಕ್ಕೆ ಎಳೆಯುವ ಗಾಜಿನ ಮುಂಬಾಗದ ಗೂಡು) ಇರುವ ಒಂದೇ ಲ್ಯಾಬಿನಲ್ಲಿ, ಕೋಣೆಯ ಪ್ರೆಶರ್ ಕಾಯುವ ಈ ಎರಡು ವಿಧಾನಗಳನ್ನೂ ಓಡಿಸಿ ನೋಡಿದ್ದೇನೆ. ಒಳಗಿನ ಗಾಳಿ ಕಾರಿಡಾರಿಗೆ ಬರಬಾರದು. ಅಂದರೆ ಕೋಣೆಯ ಪ್ರೆಶರ್ ಹೊರಗಿಗಿಂತ ಕಡಿಮೆ ಇರಬೇಕು.

ಮೊದಲು ಹಾಕಿದ್ದು ನೇರ ಪ್ರೆಶರ್ ಕಂಟ್ರೋಲ್. ಗೋಡೆಯಲ್ಲೊಂದು ಸೆನ್ಸರ್, ಅದು ಹೇಳಿದಂತೆ ಸಪ್ಲೈ ಡ್ಯಾಂಪರ್ (ಒಳಬರುವ ಗಾಳಿಯ ಕವಾಟ) ತೆರೆದು ಮುಚ್ಚುತ್ತದೆ. ಬೇಕಾದದ್ದು ಪ್ರೆಶರ್, ಅಳೆಯುವುದೂ ಪ್ರೆಶರ್. ಇನ್ನೇನು ಬೇಕು, ಅಲ್ವಾ? ಬಾಗಿಲು ಹಾಕಿರುವಷ್ಟು ಹೊತ್ತು ಒಳಗೆ-ಹೊರಗಿನ ವ್ಯತ್ಯಾಸ 10 ಪ್ಯಾಸ್ಕಲ್‌ನಲ್ಲಿ (ಪ್ರೆಶರ್ ಅಳೆಯುವ ಮಾನ) ಅಲುಗಾಡದೆ ನಿಂತಿತ್ತು. ಯಾರೋ ಬಾಗಿಲು ತೆಗೆದರು, ವ್ಯತ್ಯಾಸ ಸೊನ್ನೆಗೆ ಇಳಿಯಿತು. ಪಾಪ, ಕಂಟ್ರೋಲರ್‌ಗೆ ಬಾಗಿಲು ಎಲ್ಲಿ ಕಾಣುತ್ತದೆ? ಸಪ್ಲೈ ಮುಚ್ಚುತ್ತಲೇ ಹೋಯಿತು. ಬಾಗಿಲು ಹಾಕಿದ ತಕ್ಷಣ ಕೋಣೆ ಬಾಗಿಲನ್ನು ಒಳಕ್ಕೆ ಎಳೆದು ಹಿಡಿಯಿತು. 2 ಚದರ ಮೀಟರ್ ಬಾಗಿಲಿಗೆ 50 ಪ್ಯಾಸ್ಕಲ್ ಅಂದರೆ ಸುಮಾರು 10 ಕೆಜಿ ತೂಕ ಒರಗಿದ ಹಾಗೆ. ಹೊರಗಿನಿಂದ ಎಳೆದವರು ನನ್ನನ್ನು ಬೈದುಕೊಂಡಿದ್ದರಲ್ಲಿ ತಪ್ಪೇನಿಲ್ಲ.

ಆಮೇಲೆ ಆಫ್‌ಸೆಟ್. ಬರುವ ಗಾಳಿ (ಸಪ್ಲೈ), ಹೋಗುವ ಗಾಳಿ (ಎಕ್ಸಾಸ್ಟ್) ಎರಡನ್ನೂ ಅಳೆದು, ಹೋಗುವುದನ್ನು ಗಂಟೆಗೆ 200 ಘನ ಮೀಟರ್ ಜಾಸ್ತಿ ಇಡುವುದು. ಕೊರತೆಯ ಗಾಳಿ ಬಾಗಿಲ ಸಂದಿನಿಂದ ಬರುತ್ತದೆ. ಬಾಗಿಲು ತೆಗೆದರೂ ಇದು ತಲೆ ಕೆಡಿಸಿಕೊಳ್ಳಲಿಲ್ಲ. ಹುಡ್‌ನ ಗಾಜು ಮೇಲೆತ್ತಿದರೆ ಎಕ್ಸಾಸ್ಟ್ ಏರುತ್ತದೆ, ಸಪ್ಲೈ ಅದರ ಹಿಂದೆಯೇ ಏರುತ್ತದೆ. ಲ್ಯಾಬಿಗೆ ನನ್ನ ವೋಟು ಇದಕ್ಕೇ.

ಆದರೆ ಇದರ ಜುಟ್ಟು ಅಳತೆಯ ಕೈಯಲ್ಲಿದೆ. ಡಕ್ಟಿನಲ್ಲಿ (ಗಾಳಿಯ ಕೊಳವೆಯಲ್ಲಿ) ಗಾಳಿ ಸೆಕೆಂಡಿಗೆ 5 ಮೀಟರ್ ಹೋಗುವಾಗ, ಗಾಳಿ ತಳ್ಳುವ ಪ್ರೆಶರಿನಿಂದ ಅದರ ವೇಗ ಅಳೆಯುವ ಪಿಟೋ ಕೊಳವೆಗೆ ಸಿಗುವುದು 15 ಪ್ಯಾಸ್ಕಲ್. 1 ಮೀಟರಿಗೆ ಇಳಿದರೆ ಬರೀ 0.6. ರಾತ್ರಿ ಗಾಳಿ ಕಡಿಮೆ ಮಾಡಿದಾಗ ನಮ್ಮ ಲೆಕ್ಕ ಹಳ್ಳ ಹಿಡಿದದ್ದು ಇಲ್ಲೇ. ಹಗಲಲ್ಲೂ ನಿಶ್ಚಿಂತೆ ಇಲ್ಲ: ಗಂಟೆಗೆ 2000 ಘನ ಮೀಟರ್ ಓಡುವಲ್ಲಿ ಗಾಳಿ ಅಳೆಯುವ ಎರಡು ಮಾಪಕಗಳು ತಲಾ ಶೇ. 5ರಷ್ಟು ವಿರುದ್ಧ ದಿಕ್ಕಿಗೆ ತಪ್ಪಿದರೆ ಆಫ್‌ಸೆಟ್ ಪೂರ್ತಿ ಮಾಯ. ವೆಂಚುರಿ ವಾಲ್ವ್ (ನಡು ಕಿರಿದಾದ ಕೊಳವೆಯ ಕವಾಟ) ಹಾಕಿದ ಮೇಲೆ ಈ ಕಾಟ ತಪ್ಪಿತು. ಡಕ್ಟಿನ ಪ್ರೆಶರ್ ಏರಿಳಿದರೆ ಒಳಗಿನ ಸ್ಪ್ರಿಂಗ್ ಮತ್ತು ಕೋನ್ ತಾವೇ ಸರಿದು ಹರಿವನ್ನು ಹಿಡಿದಿಡುತ್ತವೆ. ಫ್ಯಾನ್ ಮಾತ್ರ ಜಾಸ್ತಿ ದುಡಿಯಬೇಕು.

ಧೂಳು, ಕ್ರಿಮಿ ಒಳಬರದಂತೆ ಕಾಯುವ ಕ್ಲೀನ್ ರೂಮಿನಲ್ಲಿ ಕಥೆ ಉಲ್ಟಾ. ಅಲ್ಲಿ ಪ್ರೆಶರ್ ಹೊರಗಿಗಿಂತ ಹೆಚ್ಚಿರಬೇಕು, ಕೋಣೆಯೂ ಬಿಗಿ. ಸೋರುವ ಗಾಳಿ 1.4 ಪಟ್ಟಾದರೆ ಸಾಕು, ಪ್ರೆಶರ್ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಸೋರಿಕೆಯೇ ಕಡಿಮೆ ಇರುವಾಗ ಅಳತೆಯ ಪುಟ್ಟ ತಪ್ಪೂ ಅಷ್ಟು ಕೆಲಸ ಮಾಡಿಬಿಡುತ್ತದೆ. ಔಷಧ ತಯಾರಿಕೆಗೆ ಯುರೋಪಿನ ಜಿಎಂಪಿ (ಉತ್ತಮ ತಯಾರಿಕಾ ಪದ್ಧತಿ) ನಿಯಮಗಳ ಅನೆಕ್ಸ್ 1, ಬೇರೆ ಗ್ರೇಡಿನ (ಶುದ್ಧತೆಯ ದರ್ಜೆಯ) ಅಕ್ಕಪಕ್ಕದ ಕೋಣೆಗಳ ನಡುವೆ ಕನಿಷ್ಠ 10 ಪ್ಯಾಸ್ಕಲ್ ಕೇಳುತ್ತದೆ. ಇಂಥಲ್ಲಿ ಬರೀ ಆಫ್‌ಸೆಟ್ ನಂಬಿ ಕೂರಲು ನನಗೆ ಧೈರ್ಯವಿಲ್ಲ. ಏರ್‌ಲಾಕ್ (ಎರಡು ಬಾಗಿಲುಗಳ ನಡುವಿನ ಪುಟ್ಟ ಕೋಣೆ) ಇರುವುದರಿಂದ ನೇರ ಪ್ರೆಶರ್ ಕಂಟ್ರೋಲ್‌ಗೆ ಬಾಗಿಲ ಗಲಾಟೆಯೂ ಕಡಿಮೆ.

ಕೊನೆಗೆ ಲ್ಯಾಬಿನಲ್ಲಿ ಉಳಿಸಿಕೊಂಡದ್ದು ಮಿಶ್ರತಳಿ. ಕೆಲಸವೆಲ್ಲ ಆಫ್‌ಸೆಟ್‌ನದು. ಪ್ರೆಶರ್ ಸೆನ್ಸರ್ ಆ 200ನ್ನು 150ರಿಂದ 300ರೊಳಗೆ ನಿಧಾನವಾಗಿ ತಿದ್ದಬಹುದು. ಬಾಗಿಲು ತೆರೆದಿರುವಾಗ ಅದು ಕೈ ಕಟ್ಟಿ ಕೂರಬೇಕು.