ಮೊಣಕೈ ಕೀಹೋಲ್ ಸರ್ಜರಿ: ಯಾವ ತೊಂದರೆಗೆ ಸರಿ, ಯಾವುದಕ್ಕೆ ಅವಸರ ಬೇಡ

ಮೊಣಕೈ ಆರ್ಥ್ರೋಸ್ಕೋಪಿ, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಕೀಹೋಲ್ ಸರ್ಜರಿ, ಎಂದರೆ ಚಿಕ್ಕ ಗಾಯ, ಕಡಿಮೆ ನೋವು, ಬೇಗ ಮನೆಗೆ ಎನ್ನುತ್ತಾರೆ. ನಿಜವೇ. ಆದರೆ ಈ ಚಿಕಿತ್ಸೆ ಬೇಕೋ ಬೇಡವೋ ಎಂಬುದು ಗಾಯದ ಅಳತೆಯ ಮೇಲೆ ನಿಂತಿಲ್ಲ, ಕೀಲಿನೊಳಗಿನ ತೊಂದರೆ ಯಾವುದು ಎಂಬುದರ ಮೇಲೆ ನಿಂತಿದೆ.

ಕೀಲಿನೊಳಗೆ ಮೂಳೆಯ ಅಥವಾ ಮೃದ್ವಸ್ಥಿಯ (ಕಾರ್ಟಿಲೇಜ್) ಚೂರು ಬಿಡಿಯಾಗಿ ಓಡಾಡುತ್ತಿದ್ದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕೈ ಮಡಚುವಾಗ ತಟ್ಟನೆ ಸಿಕ್ಕಿಕೊಳ್ಳುವುದು, ಅತ್ತಿತ್ತ ಅಲುಗಿಸಿದರೆ ಬಿಟ್ಟುಕೊಳ್ಳುವುದು ಇದರ ಗುರುತು. ಬರೀ ಮೃದ್ವಸ್ಥಿಯ ಚೂರು ಎಕ್ಸ್‌ರೇಯಲ್ಲಿ ಕಾಣದು, ಎಂಆರ್‌ಐ ಬೇಕಾಗುತ್ತದೆ. ಮೂಳೆ ಬೆಳೆದು ಅಡ್ಡ ನಿಂತಿದ್ದರೆ ಸಿಟಿ ಸ್ಕ್ಯಾನ್ ಚೆನ್ನಾಗಿ ತೋರಿಸುತ್ತದೆ. ಕೀಲಿನ ಮುಂಭಾಗ ಮಾತ್ರ ನೋಡಿ ಹಿಂದಿನ ಗುಳಿಯನ್ನು ನೋಡದೆ ಮುಗಿಸಿದರೆ ಅಲ್ಲಿ ಅಡಗಿದ ಚೂರು ಉಳಿದುಬಿಡುತ್ತದೆ, ಕೈ ಮತ್ತೆ ಸಿಕ್ಕಿಕೊಳ್ಳುತ್ತದೆ. ಎರಡೂ ಕಡೆ ನೋಡುತ್ತೀರಾ ಎಂದು ಡಾಕ್ಟರನ್ನು ಮೊದಲೇ ಕೇಳಿ.

ಬಿಗಿದುಕೊಂಡ ಮೊಣಕೈಗೂ ಫಲ ಚೆನ್ನಾಗಿದೆ, ಆದರೆ ಅದು ಪಳಗಿದ ಕೈಯ ಕೆಲಸ. ಊಟ, ತಲೆ ಬಾಚುವುದು, ಗುಂಡಿ ಹಾಕುವುದು ಮುಂತಾದ ನಿತ್ಯದ ಕೆಲಸಗಳಿಗೆ ಮೊಣಕೈ ಸುಮಾರು 30ರಿಂದ 130 ಡಿಗ್ರಿವರೆಗೆ (ನೇರ ಚಾಚಿದ ಕೈ 0 ಡಿಗ್ರಿ) ಆಡಿದರೆ ಸಾಕು. ಅಷ್ಟು ಆಡುತ್ತಿದ್ದು ನೋವೂ ಇಲ್ಲದಿದ್ದರೆ ಸರ್ಜರಿಯಿಂದ ಸಿಗುವ ಲಾಭ ಕಡಿಮೆ. ನಮ್ಮ ಕಡೆ ಮೂಳೆ ಮುರಿದಾಗ ನಾಟಿ ಕಟ್ಟು ಹಾಕಿಸಿ, ಕಟ್ಟು ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ ಒತ್ತಿ ನೀವಿಸುವ ರೂಢಿ ಇದೆ. ಮೊಣಕೈ ಮಟ್ಟಿಗೆ ಇದು ಅಪಾಯ. ಒತ್ತಿ ಎಳೆದಷ್ಟೂ ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಇನ್ನಷ್ಟು ಬಿಗಿಯಬಹುದು. ಹಾಗೆ ಬೆಳೆದ ಮೂಳೆ ದಪ್ಪವಾಗಿದ್ದರೆ ತೆರೆದ ಸರ್ಜರಿಯೇ ಬೇಕಾಗಬಹುದು.

ಟೆನ್ನಿಸ್ ಎಲ್ಬೋಗೆ, ಅಂದರೆ ಮೊಣಕೈಯ ಹೊರಬದಿಯಲ್ಲಿ ಸ್ನಾಯು ಮೂಳೆಗೆ ಅಂಟುವ ಕಡೆ ಬರುವ ನೋವಿಗೆ, ಮಾತ್ರ ಅವಸರ ಬೇಡವೇ ಬೇಡ. ಹೆಚ್ಚಿನವರಿಗೆ ಭಾರ ಎತ್ತುವ ರೀತಿ ಬದಲಿಸಿ, ವ್ಯಾಯಾಮ ಮಾಡಿದರೆ ವರ್ಷದೊಳಗೆ ವಾಸಿಯಾಗುತ್ತದೆ. ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡಿದ್ದರೆ ಅದನ್ನು ಸರ್ಜನ್‌ಗೆ ತಿಳಿಸಲೇಬೇಕು. ಇಂಜೆಕ್ಷನ್ ಆದ ಬೆನ್ನಲ್ಲೇ ಸರ್ಜರಿ ಮಾಡಿದರೆ ಸೋಂಕಿನ ಭಯ ಹೆಚ್ಚು.

ಒಳಗೆ ನಡೆಯುವುದು ಹೀಗೆ. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಟ್ಟು ಪಕ್ಕಕ್ಕೆ ಮಲಗಿಸುತ್ತಾರೆ. ತೋಳನ್ನು ದಿಂಬಿನ ಮೇಲಿಟ್ಟು, ಮುಂಗೈಯನ್ನು 90 ಡಿಗ್ರಿ ಇಳಿಬಿಡುತ್ತಾರೆ. ಹೊರಬದಿಯ ಮೆತ್ತಗಿನ ಜಾಗದಿಂದ 20–30 ಮಿಲಿ ಸಲೈನ್ (ಉಪ್ಪುನೀರು) ತುಂಬುತ್ತಾರೆ. ಕೀಲಿನ ಚೀಲ ಉಬ್ಬಿ ಮುಂದಿನ ನರಗಳು ಮೂಳೆಯಿಂದ ದೂರ ಸರಿಯುತ್ತವೆ. ಬಿಗಿದ ಮೊಣಕೈ ಇದರ ಕಾಲು ಭಾಗವನ್ನೂ ಹಿಡಿಯದಿರಬಹುದು, ಅಲ್ಲಿ ನರಕ್ಕೆ ಅಪಾಯ ಹೆಚ್ಚಲು ಕಾರಣವೇ ಇದು. ಬ್ಲೇಡ್ ಚರ್ಮವನ್ನಷ್ಟೇ ಕೊಯ್ಯಬೇಕು. ಕೆಳಗಿನ ಪದರವನ್ನು ಸಣ್ಣ ಫೋರ್ಸೆಪ್ಸ್‌ನಿಂದ ಅಗಲಿಸಿ, ಮೊಂಡು ತುದಿಯ ಟ್ರೋಕಾರ್ (ದಾರಿ ಮಾಡುವ ಕಡ್ಡಿಯಂಥ ಉಪಕರಣ) ತೂರಿಸಿ, ಆಮೇಲೆ 4 ಮಿ.ಮೀ. ಕ್ಯಾಮೆರಾ ಒಳಬಿಡುತ್ತಾರೆ. ಹೊರಬದಿಯ ಮುಂದಿನ ರಂಧ್ರದಿಂದ, ಮಣಿಕಟ್ಟನ್ನು ಮೇಲೆತ್ತಿಸುವ ರೇಡಿಯಲ್ ನರ ಕೆಲವೇ ಮಿಲಿಮೀಟರ್ ದೂರ. ಅದರ ಹತ್ತಿರ ಶೇವರ್ (ತಿರುಗುವ ಬ್ಲೇಡಿನಿಂದ ಕತ್ತರಿಸುವ ಉಪಕರಣ) ಓಡಿಸುವಾಗ ಅದರ ಸಕ್ಷನ್ (ಹೀರುವಿಕೆ) ಬಂದ್ ಮಾಡಿರಬೇಕು, ಇಲ್ಲದಿದ್ದರೆ ನರವೇ ಬ್ಲೇಡಿನತ್ತ ಎಳೆದುಕೊಳ್ಳುತ್ತದೆ.

ಮೊಣಕೈ ತಾಗಿದಾಗ ಕಿರುಬೆರಳಿನವರೆಗೂ ಝುಮ್ಮೆನ್ನಿಸುವ ಅಲ್ನಾರ್ ನರವನ್ನು ಹಿಂದಿನ ಸರ್ಜರಿಯಲ್ಲಿ ಜಾಗ ಬದಲಿಸಿ ಕೂರಿಸಿದ್ದರೆ, ಮೊದಲು ಅದನ್ನು ತೆರೆದು ಗುರುತಿಸದೆ ಒಳಬದಿಯಲ್ಲಿ ರಂಧ್ರ ಮಾಡಬಾರದು. ಹಳೆಯ ಡಿಸ್ಚಾರ್ಜ್ ಸಮ್ಮರಿ ತಪ್ಪದೆ ಕೊಂಡೊಯ್ಯಿರಿ. ಮಡಚುವಿಕೆ 90 ಡಿಗ್ರಿಗೂ ಬಾರದವರಲ್ಲಿ ಈ ನರವನ್ನೂ ಜೊತೆಗೇ ಸಡಿಲಗೊಳಿಸುವುದು ಒಳಿತು. ಇಲ್ಲವಾದರೆ ಕೈ ಮಡಚತೊಡಗಿದಾಗ ನರ ಎಳೆದು ಬೆರಳು ಜೋಮು ಹಿಡಿಯಬಹುದು.

ಅಮೆರಿಕದ ಮೇಯೋ ಕ್ಲಿನಿಕ್ 2001ರಲ್ಲಿ 473 ಸರ್ಜರಿಗಳ ಲೆಕ್ಕ ಪ್ರಕಟಿಸಿತು: ಕೀಲಿನ ಸೋಂಕು ಶೇ. 0.8, ಸಣ್ಣಪುಟ್ಟ ತೊಡಕು ಶೇ. 11. ಅಷ್ಟು ಅನುಭವವಿರುವ ಕಡೆಯ ಲೆಕ್ಕ ಇದು. ಆದ್ದರಿಂದ ಮಂಡಿ, ಭುಜದ ಆರ್ಥ್ರೋಸ್ಕೋಪಿ ಎಷ್ಟೇ ಮಾಡಿದ್ದರೂ, ವರ್ಷಕ್ಕೆ ಎಷ್ಟು ಮೊಣಕೈ ಮಾಡುತ್ತೀರಿ ಎಂದು ಸರ್ಜನ್‌ರನ್ನು ಸಂಕೋಚವಿಲ್ಲದೆ ಕೇಳಿ.

ಎಚ್ಚರವಾದ ಕೂಡಲೇ ನರಗಳು ಸರಿಯಾಗಿವೆಯೇ ಎಂದು ಮಣಿಕಟ್ಟು ಮೇಲೆತ್ತಿಸಿ, ಬೆರಳು ಅಗಲಿಸಿ ನೋಡಬೇಕು. ನೋವಿಗೆ ನರದ ಬ್ಲಾಕ್ (ನರವನ್ನೇ ಮರಗಟ್ಟಿಸುವ ಇಂಜೆಕ್ಷನ್) ಕೊಡುವುದಿದ್ದರೆ ಈ ಪರೀಕ್ಷೆಯಾದ ಮೇಲೆ ಕೊಡುವುದು ಸುರಕ್ಷಿತ. ಬಿಗಿತಕ್ಕೆ ಮಾಡಿಸಿದ್ದರೆ ಮಾರನೆಯ ದಿನದಿಂದಲೇ ಕೈ ಆಡಿಸಬೇಕು. ತೂಗುಪಟ್ಟಿಯಲ್ಲಿ ವಾರಗಟ್ಟಲೆ ಇಟ್ಟರೆ ಒಳಗೆ ಗಳಿಸಿದ ಡಿಗ್ರಿಗಳೆಲ್ಲ ಹೋಗುತ್ತವೆ. ಫಿಸಿಯೋಥೆರಪಿ ಖರ್ಚು, ಶೇವರ್ ಬ್ಲೇಡ್, ರೇಡಿಯೋಫ್ರೀಕ್ವೆನ್ಸಿ ಪ್ರೋಬ್ (ವಿದ್ಯುತ್ ಅಲೆಗಳಿಂದ ಅಂಗಾಂಶ ಕತ್ತರಿಸಿ ರಕ್ತ ನಿಲ್ಲಿಸುವ ಕಡ್ಡಿ) ಪ್ಯಾಕೇಜ್‌ನಲ್ಲಿ ಇವೆಯೇ ಎಂದು ಬರಹದಲ್ಲೇ ಪಡೆಯಿರಿ. ಬ್ಲೇಡ್, ಪ್ರೋಬ್ ಒಂದೇ ಬಾರಿ ಬಳಸುವ ದುಬಾರಿ ವಸ್ತುಗಳು.

ಚರ್ಮದಡಿ ಮಾಂಸ ಕಡಿಮೆ ಇರುವ ಹೊರಬದಿಯ ರಂಧ್ರಕ್ಕೆ ಗಟ್ಟಿ ಹೊಲಿಗೆ ಬೇಕು, ಪಟ್ಟಿ ಅಂಟಿಸಿದರೆ ಸಾಲದು. ಅಲ್ಲಿಂದ ತಿಳಿನೀರು ಕೆಲವು ದಿನ ಬಿಡದೆ ಸೋರುತ್ತಿದ್ದರೆ, ಜ್ವರವೋ ಕೆಂಪು ಊತವೋ ಬಂದರೆ, ಹೊಲಿಗೆ ಬಿಚ್ಚುವ ತಾರೀಖಿಗೆ ಕಾಯದೆ ಅಂದೇ ತೋರಿಸಿ.