ನೀಲಗಿರಿಯ ಉಗಿಬಂಡಿ ಫೋಟೊ: ಒಳಗೆ ಕೂತೋ, ರಸ್ತೆಯಲ್ಲಿ ನಿಂತೋ, ಕೂನೂರಿನಲ್ಲಿ ಕಾದೋ?

ಮೆಟ್ಟುಪಾಳ್ಯದಿಂದ ಕೂನೂರಿನ ಮೇಲೆ ಊಟಿಗೆ ಹತ್ತುವ ನೀಲಗಿರಿಯ ರೈಲನ್ನು ಕ್ಯಾಮೆರಾದಲ್ಲಿ ಹಿಡಿಯಲು ಮೂರು ದಾರಿಗಳಿವೆ. ಟಿಕೆಟ್ ತೆಗೆದುಕೊಂಡು ಬೋಗಿಯೊಳಗೆ ಕೂತು ತೆಗೆಯಬಹುದು. ಕಾರಿನಲ್ಲೋ ಬೈಕಿನಲ್ಲೋ ಘಾಟ್ ರಸ್ತೆ ಹಿಡಿದು ಅದರ ಜೊತೆಗೇ ಬೆಟ್ಟ ಹತ್ತಬಹುದು. ಇಲ್ಲವೇ ಎಲ್ಲೂ ಅಲೆಯದೆ ಕೂನೂರು ನಿಲ್ದಾಣದಲ್ಲಿ ಕಾಯಬಹುದು. ಮೂರನ್ನೂ ಮಾಡಿ ನೋಡಿದ್ದೇನೆ. ಮೂರೂ ಒಂದೇ ರೈಲಿನ ಚಿತ್ರಗಳಾದರೂ ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಬೇರೆ ಊರಿನವು ಅನ್ನಿಸುತ್ತದೆ.

ಹೋಲಿಕೆಗೆ ಮೊದಲು ಒಂದು ಸಂಗತಿ ತಿಳಿದಿರಬೇಕು. ಮೆಟ್ಟುಪಾಳ್ಯದಿಂದ ಬೆಟ್ಟ ಹತ್ತುವಾಗ ಇಲ್ಲಿ ಇಂಜಿನ್ ಬೋಗಿಗಳನ್ನು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಅಷ್ಟು ಕಡಿದಾದ ಏರಿನಲ್ಲಿ ಬೋಗಿಗಳು ಹಿಂದಕ್ಕೆ ಜಾರದಂತೆ ಇಂಜಿನ್ ಯಾವಾಗಲೂ ಇಳಿಜಾರಿನ ಬದಿಯಲ್ಲಿರುತ್ತದೆ. ಹಾಗಾಗಿ ಹತ್ತುವ ರೈಲಿಗೆ ಎದುರಾಗಿ ನಿಂತರೆ ನಿಮಗೆ ಸಿಗುವುದು ನೀಲಿ ಬೋಗಿ, ಅದರ ಮುಂದೆ ಕೈಯಲ್ಲಿ ಬಾವುಟ ಹಿಡಿದ ಬ್ರೇಕ್‌ಮನ್. ಇಂಜಿನ್ ದಾಟಿಹೋಗುವಾಗ ಕೊನೆಗೆ ಬರುತ್ತದೆ. ಮಧ್ಯಾಹ್ನ ಇಳಿಯುವ ರೈಲಿನಲ್ಲಿ ಇಂಜಿನ್ ಮುಂದಿರುತ್ತದೆ ನಿಜ, ಆದರೆ ಆಗ ಅದಕ್ಕೆ ಹೆಚ್ಚು ದುಡಿಮೆಯಿಲ್ಲ, ಇಳಿಜಾರಿನಲ್ಲಿ ತಡೆದು ಹಿಡಿಯುವುದೇ ಕೆಲಸ. ಹೊಗೆ, ಹಬೆ, ಸದ್ದು ಎಲ್ಲವೂ ಹತ್ತುವಾಗಲೇ. ಈ ರೈಲಿನ ಫೋಟೊ ಎಂದರೆ ನನ್ನ ಮಟ್ಟಿಗೆ ದುಡಿಯುತ್ತಿರುವ ಇಂಜಿನ್ನಿನ ಫೋಟೊ. ಕೆಳಗಿನ ಅಭಿಪ್ರಾಯಗಳೆಲ್ಲ ಆ ಅಳತೆಗೋಲಿನಿಂದ ಬಂದವು.

ಮೊದಲು ಒಳಗೆ ಕೂತು ಹೋಗುವ ಪಯಣ. ಮೆಟ್ಟುಪಾಳ್ಯದಿಂದ ಬೆಳಿಗ್ಗೆ 7.10ಕ್ಕೆ ಹೊರಡುವ ರೈಲು ಸುಮಾರು 46 ಕಿ.ಮೀ. ದೂರದ ಊಟಿ ತಲುಪುವ ಹೊತ್ತಿಗೆ ಹೆಚ್ಚೂಕಡಿಮೆ ಮಧ್ಯಾಹ್ನವಾಗಿರುತ್ತದೆ. ಕಲ್ಲಾರ್ ದಾಟುತ್ತಿದ್ದಂತೆ ಎರಡು ಹಳಿಗಳ ನಡುವೆ ಹಲ್ಲುಪಟ್ಟಿ ಶುರುವಾಗುತ್ತದೆ. ಅಕ್ಕಪಕ್ಕ ಎರಡು ಪಟ್ಟಿಗಳು, ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗುವಂತೆ ಜೋಡಣೆ. ಇಂಜಿನ್ನಿನ ಹಲ್ಲುಚಕ್ರ ಯಾವ ಕ್ಷಣದಲ್ಲೂ ಹಿಡಿತ ಬಿಡದಿರಲೆಂದು ಈ ಏರ್ಪಾಡು. ಹನ್ನೆರಡು ಅಡಿ ಸಾಗಿದರೆ ಒಂದಡಿ ಮೇಲೇರುವ ಜಾಗಗಳು ಇಲ್ಲಿವೆ. ಮಾಮೂಲಿ ಚಕ್ರಗಳಿಗೆ ಎರಡು ಸಿಲಿಂಡರ್, ಹಲ್ಲುಚಕ್ರಗಳಿಗೆ ಬೇರೆಯೇ ಎರಡು. ಹಲ್ಲುಚಕ್ರದ ಆ ಎರಡೂ ಕೆಲಸಕ್ಕೆ ಸೇರಿಕೊಂಡ ಕ್ಷಣ ಸದ್ದು ಬದಲಾಗುವುದು ಬೋಗಿಯೊಳಗೇ ಕೇಳುತ್ತದೆ. ಅದನ್ನು ಕೇಳಲೆಂದೇ ಒಮ್ಮೆ ಈ ರೈಲು ಹತ್ತಬೇಕು.

ಫೋಟೊಗೆ ಮಾತ್ರ ಇದು ಬಿಗಿಯಾದ ಜಾಗ. ಕಿಟಕಿಯ ಹೊರಗೆ ಕೆಲವೆಡೆ ಬಂಡೆ ತೀರಾ ಹತ್ತಿರ ಬರುತ್ತದೆ, ದಾರಿಯಲ್ಲಿ 16 ಸುರಂಗಗಳಿವೆ. ಕೈ, ತಲೆ, ಲೆನ್ಸ್ ಯಾವುದನ್ನೂ ಹೊರಗೆ ಚಾಚಲೇಬಾರದು. ತಿರುವುಗಳು 208 ಇವೆ. ತಿರುವಿನ ಒಳಬದಿಗೆ ಸೀಟು ಸಿಕ್ಕಿದ್ದರೆ ಬೋಗಿಗಳ ಸಾಲು ಬಾಗಿ, ಹಿಂದೆ ಹಬೆ ಬಿಡುತ್ತಿರುವ ಇಂಜಿನ್ ಚೌಕಟ್ಟಿನೊಳಗೆ ಬರುತ್ತದೆ. ಇಂಜಿನ್‌ನಿಂದ ಆದಷ್ಟು ದೂರದ ಬೋಗಿ ಇದಕ್ಕೆ ಒಳ್ಳೆಯದು, ಹತ್ತಿರದ ಬೋಗಿಯಲ್ಲಿ ಸದ್ದು ಸಿಗುತ್ತದೆ, ನೋಟ ಸಿಗುವುದಿಲ್ಲ. ಹಿಲ್‌ಗ್ರೋವ್‌ನಲ್ಲಿ ಇಂಜಿನ್ನಿಗೆ ನೀರು ತುಂಬಿಸುವಾಗ ಎಲ್ಲರೂ ಇಳಿಯುತ್ತಾರೆ. ಈ ಪಯಣದ ಒಳ್ಳೆಯ ಚಿತ್ರಗಳು ಹೆಚ್ಚಿನವು ಅಲ್ಲೇ ಹುಟ್ಟುವುದು: ನೀರಿನ ಕೊಳವೆ, ಮಸಿ ಹಿಡಿದ ಕೈಗಳು, ಸುತ್ತಲೂ ಕಾಡು. ತಿಂಡಿಯ ಪೊಟ್ಟಣವನ್ನು ಮಾತ್ರ ಚೀಲದೊಳಗಿಡಿ, ಕೋತಿಗಳು ಕಾದುಕೊಂಡೇ ಇರುತ್ತವೆ. ಟಿಕೆಟ್ ಕಾಯ್ದಿರಿಸಲು ಈಗ 60 ದಿನ ಮೊದಲಷ್ಟೇ ಅವಕಾಶ. ಸೀಟುಗಳು ಕಡಿಮೆ, ಕೇಳುವವರು ಬಹಳ.

ಎರಡನೆಯದು ರಸ್ತೆ. ನನ್ನ ಬಳಿ ಇರುವ ಅತ್ಯುತ್ತಮ ಚಿತ್ರಗಳು ಇಲ್ಲಿಯವೇ. ಹಲ್ಲುಪಟ್ಟಿಯ ಮೇಲೆ ರೈಲಿನ ವೇಗ ಗಂಟೆಗೆ ಹೆಚ್ಚೆಂದರೆ 13 ಕಿ.ಮೀ. ಕೂನೂರಿನವರೆಗಿನ ಸುಮಾರು 28 ಕಿ.ಮೀ.ಗೆ ಅದು ಮೂರು ಗಂಟೆಗೂ ಮಿಕ್ಕಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಒಂದು ಕಡೆ ನಿಂತು ತೆಗೆದು, ನಿಧಾನವಾಗಿ ಗಾಡಿ ಓಡಿಸಿ, ಮುಂದಿನ ಜಾಗದಲ್ಲಿ ಮತ್ತೆ ಕಾಯಲು ಬೇಕಾದಷ್ಟು ಸಮಯವಿದೆ. ಡಾರ್ಜಿಲಿಂಗ್‌ನ ಹಾಗೆ ಇಲ್ಲಿ ಹಳಿ ರಸ್ತೆಗೆ ಅಂಟಿಕೊಂಡು ಸಾಗುವುದಿಲ್ಲ. ಹಲವು ಕಡೆ ನಡುವೆ ಕಣಿವೆಯೇ ಇದೆ, 200 ಮಿ.ಮೀ.ಗಿಂತ ಉದ್ದದ ಲೆನ್ಸ್ ಬೇಕಾಗುತ್ತದೆ. ಆದರೆ ಆ ದೂರವೇ ಚಿತ್ರಕ್ಕೆ ಜೀವ. ಕಾಡು ತುಂಬಿದ ಇಡೀ ಗುಡ್ಡ, ಅದರ ಪಕ್ಕೆಯಲ್ಲಿ ನೀಲಿ ಬೋಗಿಗಳ ಸಣ್ಣ ಸಾಲು, ಬಾಲದಲ್ಲಿ ಬಿಳಿ ಹಬೆಯ ಗೊಂಚಲು. ಒಳಗೆ ಕೂತವರಿಗೆ ತಾವು ಎಂಥ ಬೆಟ್ಟ ಹತ್ತುತ್ತಿದ್ದೇವೆ ಎನ್ನುವುದು ಇಷ್ಟು ಪೂರ್ತಿಯಾಗಿ ಕಾಣುವುದಿಲ್ಲ.

ಬೆಳಕೂ ರಸ್ತೆಯವರ ಪರ. ಮೆಟ್ಟುಪಾಳ್ಯ ಇರುವುದು ಕೂನೂರಿನ ಆಗ್ನೇಯಕ್ಕೆ, ಆದ್ದರಿಂದ ಬೆಳಗಿನ ಸೂರ್ಯ ಹತ್ತುವ ರೈಲಿನ ಬೆನ್ನಿಗೆ, ಅಂದರೆ ಇಂಜಿನ್ ಇರುವ ತುದಿಗೇ ಬೀಳುತ್ತದೆ. ತಂಪು ಗಾಳಿಯಲ್ಲಿ ಹಬೆ ಬೇಗ ಕರಗದೆ ದಟ್ಟವಾಗಿ ನಿಲ್ಲುತ್ತದೆ, ಸೆಕೆಯಲ್ಲಿ ಕಣ್ಣಿಗೆ ಕಾಣುವ ಮೊದಲೇ ಮಾಯ. ಅದಕ್ಕೇ ನನ್ನ ಆಯ್ಕೆ ಜನವರಿ, ಫೆಬ್ರುವರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರು ಮಳೆ ಈ ಇಳಿಜಾರಿಗೆ ನೇರವಾಗಿ ಹೊಡೆಯುತ್ತದೆ. ಗುಡ್ಡ ಕುಸಿದು ಹಳಿ ಮುಚ್ಚಿ, ದಿನಗಟ್ಟಲೆ ರೈಲು ನಿಲ್ಲುವುದು ಆಗಲೇ. ಬಿಳಿ ಹಬೆಗೆ ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಕಪ್ಪು ಇಂಜಿನ್ನಿನ ವಿವರವನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ಮರಳಿ ತರಲಾಗದು.

ರಸ್ತೆಯ ಹೆಸರಲ್ಲಿ ಹಳಿಯ ಮೇಲೆ ಇಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅಪ್ಪಣೆಯಿಲ್ಲದೆ ಹಳಿಗೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲೂ ಆಗಬಹುದು. ಕಲ್ಲಾರ್ ಸುತ್ತಲಿನ ಕಾಡು ಆನೆಗಳು ಓಡಾಡುವ ದಾರಿ ಬೇರೆ. ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ನಿಲ್ಲಿಸುವುದೂ ಅಷ್ಟೇ ಅಪಾಯ. ಗಾಡಿ ನಿಲ್ಲಿಸಲು ಅಗಲ ಜಾಗ ಸಿಕ್ಕಲ್ಲಿ ಮಾತ್ರ ನಿಂತು, ಸಿಕ್ಕಷ್ಟು ಚಿತ್ರಕ್ಕೆ ತೃಪ್ತಿಪಡಬೇಕು.

ಇನ್ನು ಕೂನೂರು. ಹತ್ತು ರೂಪಾಯಿಯ ಪ್ಲಾಟ್‌ಫಾರಂ ಟಿಕೆಟ್, ಒಂದು ಸಾಧಾರಣ ಲೆನ್ಸ್, ತಾಳ್ಮೆ. ಹತ್ತೂವರೆಯ ಸುಮಾರಿಗೆ ರೈಲು ಬರುತ್ತದೆ, ಉಗಿ ಇಂಜಿನ್ ಕಳಚಿಕೊಳ್ಳುತ್ತದೆ, ಡೀಸೆಲ್ ಬಂದು ಸೇರುತ್ತದೆ. ಇಂಜಿನ್ ಶೆಡ್ ಇಲ್ಲೇ ಇರುವುದರಿಂದ ಉಗಿ ಇಂಜಿನ್ ಒಂಟಿಯಾಗಿ, ಬೋಗಿಗಳ ಮರೆಯಿಲ್ಲದೆ, ಹತ್ತಿರದಿಂದ ಕಾಣುತ್ತದೆ. ಇವುಗಳಲ್ಲಿ ಹಳೆಯವು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ತಯಾರಾದವು, ಹೊಸವು ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರದವು. ಎಣ್ಣೆಡಬ್ಬಿ ಹಿಡಿದು ಕೀಲು ಕೀಲಿಗೂ ಎಣ್ಣೆ ಹಾಕುವ ಸಿಬ್ಬಂದಿಯ ಚಿತ್ರ ನಿಮಗೆ ಬೇರೆಲ್ಲೂ ಸಿಗುವುದಿಲ್ಲ. ಕೇಳಿ ತೆಗೆಯಿರಿ, ಅವರಿಗೆ ಅದು ಕೆಲಸದ ಹೊತ್ತು. ಶೆಡ್ಡಿನೊಳಗೆ ಅನುಮತಿಯಿಲ್ಲದೆ ಹೆಜ್ಜೆಯಿಡಬೇಡಿ. ಕೊರತೆ ಒಂದೇ: ಬೆಟ್ಟವಿಲ್ಲ. ಚಿತ್ರ ಚೆನ್ನಾಗಿರುತ್ತದೆ, ಆದರೆ ಈ ಇಂಜಿನ್ ಯಾಕೆ ಹೀಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಕೂನೂರಿನಿಂದ ಊಟಿಯವರೆಗಿನ ಭಾಗದಲ್ಲಿ ಡೀಸೆಲ್ ಇಂಜಿನ್, ಹಲ್ಲುಪಟ್ಟಿಯೂ ಇಲ್ಲ. ಕೇತಿ, ಲವ್‌ಡೇಲ್ ನಿಲ್ದಾಣಗಳು ಮುದ್ದಾಗಿವೆ, ಊಟಿಯಲ್ಲಿ ಉಳಿದವರು ಒಂದು ಗಂಟೆ ಕೊಡಬಹುದು. ನಡುವೆ ವೆಲ್ಲಿಂಗ್ಟನ್‌ನ ಸೇನಾ ನೆಲೆ, ಅರವಂಕಾಡಿನ ಕಾರ್ಡೈಟ್ (ಮದ್ದುಗುಂಡಿನ ಸಿಡಿಮದ್ದು) ಕಾರ್ಖಾನೆ ಇವೆ, ಅತ್ತ ಕ್ಯಾಮೆರಾ ತಿರುಗಿಸದಿರುವುದು ಕ್ಷೇಮ.

ಒಂದೇ ದಿನ ಇರುವವರಿಗೆ ನನ್ನ ಸಲಹೆ: ಬೆಳಿಗ್ಗೆ ರಸ್ತೆ, ಆಮೇಲೆ ಕೂನೂರು. ರೈಲನ್ನು ಎರಡು ಮೂರು ಕಡೆ ಹಿಡಿದು, ಅದಕ್ಕಿಂತ ಮೊದಲೇ ಕೂನೂರು ಸೇರಿದರೆ ಇಂಜಿನ್ ಬದಲಾಗುವುದೂ ಸಿಗುತ್ತದೆ. ಮಧ್ಯಾಹ್ನ 2ಕ್ಕೆ ಊಟಿ ಬಿಡುವ ರೈಲು ಕೂನೂರಿಗೆ ಬಂದಾಗ ಉಗಿ ಇಂಜಿನ್ ಮುಂದೆ ಸೇರಿಕೊಂಡು ಹೊರಡುತ್ತದೆ. ಅದನ್ನು ನಿಲ್ದಾಣದಲ್ಲೇ ತೆಗೆದುಬಿಡಿ. ಘಾಟಿಯಲ್ಲಿ ಬೆನ್ನಟ್ಟಿದರೆ ಪಡುವಣ ಬೆಟ್ಟಗಳ ನೆರಳು ಅಷ್ಟರಲ್ಲಿ ಕಣಿವೆಗೆ ಇಳಿಯತೊಡಗಿರುತ್ತದೆ. ಎರಡು ದಿನ ಇರುವವರು ಮೊದಲ ದಿನ ರೈಲಿನೊಳಗೆ ಹೋಗಿ ಜಾಗಗಳನ್ನು ಗುರುತು ಹಾಕಿಕೊಳ್ಳಲಿ. ಮಕ್ಕಳನ್ನೋ ವಯಸ್ಸಾದ ಅಪ್ಪ ಅಮ್ಮನನ್ನೋ ಕರೆದುಕೊಂಡು ಬರುವವರು ಎರಡು ಮಾತಿಲ್ಲದೆ ರೈಲಿನೊಳಗೇ ಕೂರಲಿ, ಫೋನಿನಲ್ಲಿ ಬಂದಷ್ಟು ಬರಲಿ.

ಮೈಸೂರು ಕಡೆಯಿಂದ ಬರುವವರು ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಆರಕ್ಕೆ ಗೇಟು ದಾಟಿ 7.10ರ ರೈಲಿಗೆ ಮೆಟ್ಟುಪಾಳ್ಯ ಸೇರುವುದು ಆಗದ ಮಾತು, ಹಿಂದಿನ ರಾತ್ರಿ ಕೂನೂರಿನಲ್ಲೋ ಮೆಟ್ಟುಪಾಳ್ಯದಲ್ಲೋ ತಂಗಲೇಬೇಕು. ಸ್ವಂತ ಗಾಡಿಯವರಿಗೆ 2024ರ ಮೇ ತಿಂಗಳಿಂದ ನೀಲಗಿರಿ ಜಿಲ್ಲೆಗೆ ಇ-ಪಾಸ್ ವ್ಯವಸ್ಥೆಯೂ ಬಂದಿದೆ, ಹೊರಡುವ ಮೊದಲು ಅದರ ಸದ್ಯದ ನಿಯಮವನ್ನೂ ರೈಲಿನ ಆ ದಿನದ ಸ್ಥಿತಿಯನ್ನೂ ನೋಡಿಕೊಳ್ಳಿ.